ದೋಣಿಯಲ್ಲಿ ಪ್ರಭುಭೋಜನ

"ನಡುಸಮುದ್ರದಲ್ಲಿ ನಿಮ್ಮನ್ನ ಎಲ್ಲಿಂದ ಕರ್ಕೊಂಡ್ಬರ್ಲಿ ಅಯ್ಯನೋರೆ? ಗಾಳ ಹಾಕಿ ಹಿಡೀಬೇಕಿತ್ತಾ?"

"ಮಾತು ಹಿಡಿತದಲ್ಲಿರ್ಲಿ ಬಿರಿಬೊ. ನೀನು ಕೂತಿರೋದು ಪಾದ್ರಿ ಮನೇಲಿ."

"ಎಲ್ಲಿ ಕೂತಿದೀನಿ ಅಂತ ಗೊತ್ತು. ನಾನು ಕೇಳಿದ್ದಕ್ಕೆ ಹೇಳಿ. ಸಾಯ್ತಾ ಇರೋನು ಪ್ರಭುಭೋಜನ ಕೇಳಿದ. ದೋಣೀಲಿ ಇದ್ದೋರು ಇಬ್ರು, ಅವನು ಮತ್ತೆ ನಾನು. ಕೊಟ್ಟೆ. ಇದ್ರಲ್ಲಿ ತಪ್ಪೇನು?"

"ನಿನ್ನ ಕೈಗೆ ಆ ಹಕ್ಕು ಕೊಟ್ಟೋರು ಯಾರು?"

"ಅಲ್ಲಿ ಈ ಕೈ ಬಿಟ್ರೆ ಬೇರೆ ಕೈ ಇರ್ಲಿಲ್ಲ ಅಂತ ಆಗಿಂದ ಬಡ್ಕೋತಾ ಇದೀನಿ."

ಮೂಲೆಯಲ್ಲಿ ಬೀಸಣಿಗೆ ಆಡಿಸುತ್ತ ಕೂತಿದ್ದ ಸಭೆಯ ಹಿರಿಯ ನಾಟಾನ್ ಬಾಯಿ ಹಾಕಿದ. "ಇವತ್ತು ಪ್ರಭುಭೋಜನ ಕೊಟ್ಟ, ನಾಳೆ ಮದುವೆ ಮಾಡಿಸ್ತಾನೆ. ನಾಡಿದ್ದು ಪಾದ್ರಿಗೆ ಅಂತ ಎತ್ತಿಡೋ ಮೀನೂ ಇವನ ಮನೆಗೇ ಹೋಗುತ್ತೆ ನೋಡಿ."

"ನಾಟಾನಣ್ಣ, ಮೀನು ಹಿಡಿಯೋನ ಮನೆಗೆ ಮೀನು ಹೋಗೋದು ವಾಡಿಕೆ. ನೀನು ನಿನ್ನ ಬಲೆ ಒದ್ದೆ ಮಾಡಿ ಎಷ್ಟು ಕಾಲ ಆಯ್ತು?"

ಪಾದ್ರಿ ಉರಿಯಾಮ್ ಅಯ್ಯನವರು ಕಣ್ಣು ಮುಚ್ಚಿಕೊಂಡರು. ಅದು ಪ್ರಾರ್ಥನೆಗಲ್ಲ, ಸಿಟ್ಟು ನುಂಗಲು. ನಾನೂ ನುಂಗಬಹುದಿತ್ತು. ನನಗೆ ಅಭ್ಯಾಸವಿಲ್ಲ. ಎದ್ದು ಬಂದೆ.

ವಿಷಯ ಇಷ್ಟು. ಇಟಾಕ ಮತ್ತು ನಾನು ಒಂದೇ ದೋಣಿಯ ಜೊತೆಗಾರರು. ಒಂದು ಬೆಳಿಗ್ಗೆ ಸೂರೆ ಮೀನಿನ ಹಿಂಡಿನ ಹಿಂದೆ ಹೋಗಿ, ದ್ವೀಪ ಕಣ್ಮರೆಯಾದ ಮೇಲೆ ಮೋಟಾರು ಕೆಟ್ಟಿತು. ನಮ್ಮ ದ್ವೀಪ ಎತ್ತರದ್ದಲ್ಲ. ಒಮ್ಮೆ ತೆಂಗಿನ ತಲೆಗಳು ಮುಳುಗಿದವೆಂದರೆ ಮುಗಿಯಿತು. ಪ್ರವಾಹ ನಮ್ಮನ್ನು ಪಡುವಣಕ್ಕೆ ಎಳೆದುಕೊಂಡು ಹೋಯಿತು. ವಾರಗಟ್ಟಲೆ ತೇಲಿದೆವು. ದೂರದೇಶದ ಮೀನು ಹಡಗೊಂದು ನನ್ನನ್ನು ಎತ್ತಿಕೊಂಡಾಗ ದೋಣಿಯಲ್ಲಿ ನಾನೊಬ್ಬನೇ ಇದ್ದೆ. ಇಟಾಕನನ್ನು ಅಷ್ಟರಲ್ಲಿ ನೀರಿಗೆ ಒಪ್ಪಿಸಿಯಾಗಿತ್ತು. ಇಂಥದ್ದು ನಮ್ಮ ಕಿರಿಬಾಟಿ ದ್ವೀಪಗಳಿಗೆ ಹೊಸದಲ್ಲ. ಪ್ರತಿ ಊರಿನಲ್ಲೂ ತೇಲಿಹೋದವರ ಒಂದು ಮನೆ ಇರುತ್ತದೆ.

ಹೊಸದಾದದ್ದು ಇಟಾಕನ ಲೆಕ್ಕ. ಅವನು ಸತ್ತಾಗ ಪ್ರಭುಭೋಜನದ ಪಂಕ್ತಿಯಿಂದ ಹೊರಗಿದ್ದ. ಈಸ್ಟರಿನ ಹಿಂದಿನ ವಾರ ಹುಳಿ ಕಳ್ಳು ಕುಡಿದು, ಗುಡಿಯ ಎದುರೇ ತನ್ನ ಭಾವಮೈದುನನ ಹಲ್ಲು ಉದುರಿಸಿದ್ದ. ಹಿರಿಯರು ಸೇರಿ ಅವನನ್ನು ಹಿಂದಿನ ಚಾಪೆಗೆ ತಳ್ಳಿದರು. ಹೊಸ ವರ್ಷಕ್ಕೆ ಒಳಗೆ ತೆಗೆದುಕೊಳ್ಳುತ್ತೇವೆ ಅಂದಿದ್ದರು. ಅವನಿಗೆ ಹೊಸ ವರ್ಷ ಬರಲಿಲ್ಲ.

ನಮ್ಮಲ್ಲಿ ಪಂಕ್ತಿಯವರು ಸತ್ತರೆ ಗಂಟೆ ಬಾರಿಸುತ್ತಾರೆ, ಗುಡಿಯೊಳಗೆ ಆರಾಧನೆ ನಡೆಯುತ್ತದೆ, ಪಾದ್ರಿ ಬಿಳಿ ಬಟ್ಟೆ ಹಾಕಿ ಹೆಸರು ಕೂಗಿ ದೇವರಿಗೆ ಒಪ್ಪಿಸುತ್ತಾರೆ. ಹೆಣ ಸಿಗದಿದ್ದರೂ ಇದು ಉಂಟು. ಹೆಣದ ಜಾಗದಲ್ಲಿ ಚಾಪೆ ಹಾಸುತ್ತಾರೆ. ಹೊರಗಿನವರಿಗೆ ಮನೆಯಂಗಳದಲ್ಲಿ ಒಂದು ಪ್ರಾರ್ಥನೆ, ಒಂದು ಹಾಡು, ಅಷ್ಟೆ. ಇಟಾಕನ ತಾಯಿ ರಕೇರಾ ಆ ಗಂಟೆಗಾಗಿ ಕಾಯುತ್ತಿದ್ದಳು. ಗಂಡನಿಗೆ ಬಾರಿಸಿದ್ದರು, ಹಿರಿ ಮಗಳಿಗೆ ಬಾರಿಸಿದ್ದರು. ಕಿರಿಯವನೊಬ್ಬ ಅಂಗಳದಲ್ಲೇ ಉಳಿದರೆ, ಅಲ್ಲೂ ಅವರಿಂದ ಬೇರೆಯಾಗಿಯೇ ಉಳಿಯುತ್ತಾನೆ ಎಂದು ಅವಳ ನಂಬಿಕೆ. ಅವಳದ್ದು ಅರೆಬರೆ ನಂಬಿಕೆಯಲ್ಲ. ಭಾನುವಾರ ಎರಡು ಹೊತ್ತೂ ಬಿಳಿ ಉಡುಪು ಹಾಕಿ ಎಲ್ಲರಿಗಿಂತ ಮೊದಲು ಬಂದು ಕೂರುವವಳು.

ನಾನು ಊರಿಗೆ ಬಂದ ದಿನ ಅವಳು ನನ್ನ ಮುಖ ಹಿಡಿದು ಕೇಳಿದ್ದು ಒಂದೇ ಮಾತು. "ಹೇಗೆ ಹೋದ, ಮಗಾ?"

"ಪ್ರಭುಭೋಜನ ತಗೊಂಡು ಹೋದ ಅವ್ವ. ನಾನೇ ಕೊಟ್ಟೆ."

ಅವಳು ಅಲ್ಲೇ ಮರಳಿನ ಮೇಲೆ ಕೂತು ಅತ್ತಳು. ಸಂತೋಷದ ಅಳು ಅದು. ಆಮೇಲೆ ಎದ್ದು, ಉಡುಪಿನ ಅಂಚಿನಲ್ಲಿ ಮೂಗು ಒರೆಸಿಕೊಂಡು, ನೇರ ಪಾದ್ರಿಯ ಮನೆಗೆ ಹೋಗಿ ನನ್ನ ಮಗನಿಗೆ ಗಂಟೆ ಬಾರಿಸಿ ಎಂದಳು. ಜಗಳ ಹುಟ್ಟಿದ್ದು ಅಲ್ಲಿಂದ.

ದೋಣಿಯಲ್ಲಿ ನಡೆದದ್ದನ್ನು ಈಗ ಹೇಳಬೇಕು.

ಮಳೆ ನೀರಿಗೆ ತೊಂದರೆ ಇರಲಿಲ್ಲ, ಡಬ್ಬಿ ತುಂಬಿಕೊಂಡಿದ್ದೆವು. ತಿನ್ನಲಿಕ್ಕೆ ಇರಲಿಲ್ಲ. ಗಾಳಗಳನ್ನು ಒಂದೊಂದಾಗಿ ಶಾರ್ಕುಗಳು ಕಡಿದುಕೊಂಡು ಹೋಗಿದ್ದವು. ಒಂದು ಮಧ್ಯಾಹ್ನ ದೋಣಿಯ ನೆರಳಿಗೆ ಆಮೆಯೊಂದು ಬಂತು. ನಾನು ಹಾರಿ ಕಾಲು ಹಿಡಿದೆ. ಇಟಾಕ ಹಗ್ಗ ಹಾಕಿದ. ಒಳಗೆ ಎಳೆದುಕೊಂಡ ಮೇಲೆ ಅವನು ದೋಣಿಯ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ಕೂತ.

ಅವರ ಕುಲ ಆಮೆ ತಿನ್ನುವುದಿಲ್ಲ. ಊರ ಚಾವಡಿಯಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಕೂರುವ ಜಾಗ, ಒಂದೊಂದು ಮುಟ್ಟದ ಪ್ರಾಣಿ. ನಮ್ಮದು ಹಾವುಮೀನು. ಅವರದ್ದು ಆಮೆ. ಅವರ ಮೂಲದಜ್ಜಿ ಆಮೆಯ ಬೆನ್ನ ಮೇಲೆ ಈ ದ್ವೀಪಕ್ಕೆ ಬಂದಳಂತೆ. ಆಮೆ ಬೇಯಿಸಿದ ಮನೆಯ ಹೊಗೆ ಬಂದರೂ ರಕೇರಾ ಮೂಗು ಮುಚ್ಚಿಕೊಂಡು ಕಡಲ ಕಡೆಯ ದಾರಿಯಲ್ಲಿ ಸುತ್ತಿ ಹೋಗುತ್ತಾಳೆ.

"ತಿನ್ನೋ ಮಾರಾಯ, ಇಲ್ಲಿ ಯಾರು ನೋಡ್ತಾರೆ?" ಎಂದೆ.

"ಅದು ನಮ್ಮಜ್ಜಿ ಕಣೋ."

"ನಿಮ್ಮಜ್ಜಿ ದಯೆ ಮಾಡಿ ಬಂದಿದಾಳೆ ಅಂದ್ಕೋ. ಮೊಮ್ಮಗ ಹಸಿದಿದಾನೆ ಅಂತ."

ಅವನು ನಕ್ಕ. ಆದರೆ ಮುಟ್ಟಲಿಲ್ಲ. ನಾನು ಹಸಿ ಮಾಂಸ ತಿಂದೆ, ಒಣಗಿಸಿದೆ, ರಕ್ತ ಕುಡಿದೆ. ಅವನು ತೇಲಿ ಬಂದ ಪಾಚಿ ಕೆರೆದು, ಅದರಲ್ಲಿದ್ದ ಸಣ್ಣ ಏಡಿಗಳನ್ನು ಜಗಿದು ದಿನ ತಳ್ಳಿದ. ಬೈದೆ, ಹೊಡೆಯಲೂ ಹೋದೆ. ದಿನದಿಂದ ದಿನಕ್ಕೆ ಅವನ ಕಾಲು ಬಾತುಕೊಂಡವು, ಕಣ್ಣು ಒಳಗೆ ಹೋದವು. ಎದ್ದು ಕೂರಲಾರದೆ ಹೋದ.

ಆಮೇಲೆ ಒಂದು ಬೆಳಿಗ್ಗೆ ತಾನಾಗಿ ಹೇಳಿದ. "ಬಿರಿಬೊ, ಇವತ್ತು ಭಾನುವಾರ."

"ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಇರ್ಲಿ, ಭಾನುವಾರ ಅನ್ಕೊಳೋಣ. ನನಗೆ ಪ್ರಭುಭೋಜನ ಕೊಡು."

"ಹುಚ್ಚು ಹಿಡೀತಾ? ನಾನು ಪಾದ್ರಿಯಾ? ಏನು ಕೊಡ್ಲಿ? ಇರೋದು ಒಣಗಿದ ಆಮೆ."

"ಅದೇ ಕೊಡು."

"ನೀನು ತಿನ್ನಲ್ವಲ್ಲೋ ಅದನ್ನ."

"ಆಮೆ ಆದ್ರೆ ತಿನ್ನಲ್ಲ. ನೀನು ಮಾತು ಹೇಳಿ ಕೊಡು. ಮಾತು ಹೇಳಿದ್ಮೇಲೆ ಅದು ಆಮೆ ಆಗಿರಲ್ಲ."

ಮಾತು ನನಗೆ ಪೂರ್ತಿ ಬರುತ್ತಿರಲಿಲ್ಲ. ಕೇಳಿ ಕೇಳಿ ಎಷ್ಟು ತಲೆಯಲ್ಲಿ ಉಳಿದಿತ್ತೋ ಅಷ್ಟು ಹೇಳಿದೆ. ಇದು ನಿಮಗೋಸ್ಕರ ಮುರಿದ ನನ್ನ ದೇಹ ಎಂಬುದು ಬಂತು, ನಡುವೆ ಮರೆತು ಕರ್ತನ ಪ್ರಾರ್ಥನೆ ಸೇರಿಸಿದೆ. ಡಬ್ಬಿಯ ಮುಚ್ಚಳದಲ್ಲಿ ಮಳೆ ನೀರು ಕೊಟ್ಟೆ. ಉಗುರಿನಷ್ಟು ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಅವನ ನಾಲಿಗೆಯ ಮೇಲಿಟ್ಟೆ. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡ. ನುಂಗಿದ. ಹೆಚ್ಚು ಕೊಡಲು ಹೋದರೆ ತಲೆಯಾಡಿಸಿದ. "ಅದು ಆಮೆ," ಎಂದ.

ಅದೇ ಮಾಂಸ. ಇತ್ತ ಒಂದು ತುಂಡು ಆಮೆಯಲ್ಲ, ಅತ್ತ ಉಳಿದದ್ದೆಲ್ಲ ಆಮೆ. ನನಗೆ ಸಿಟ್ಟೇ ಬಂತು. ಆದರೆ ಅವನ ಮುಖ ನೋಡಿದರೆ, ಗುಡಿಯಲ್ಲಿ ಮುಂದಿನ ಚಾಪೆಯಲ್ಲಿ ಕೂತವನ ಹಾಗಿತ್ತು. ಮಾರನೆಯ ದಿನ ಹೋದ.

ನಾನು ಊರಿನಲ್ಲಿ ಪ್ರಭುಭೋಜನ ಕೊಟ್ಟೆ ಎಂದೆ. ಏನು ಕೊಟ್ಟೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಣ್ಣೂ ನನ್ನ ಕೈಯ ಮೇಲೇ ಇತ್ತು. ನನಗೂ ಅದು ಮುಗಿದ ಮಾತಾಗಿತ್ತು. ಇಟಾಕನೇ ಮುಗಿಸಿ ಹೋಗಿದ್ದ.

ಪಾದ್ರಿಯ ಮನೆಯಿಂದ ಎದ್ದು ಬಂದ ಸಂಜೆ ರಕೇರಾ ಕೆಸುವಿನ ಗಡ್ಡೆ ಬೇಯಿಸಿ, ನೀರಾ ಪಾಕ ಹಾಕಿ ತಂದಳು. ನಾನು ಹೊರಗೆ ಬಲೆ ಹರವಿಕೊಂಡು ಕೂತಿದ್ದೆ.

"ಜಗಳ ಆಡಿದ್ಯಂತೆ."

"ಅವರು ಆಡಿದ್ರು. ನಾನು ಉತ್ತರ ಕೊಟ್ಟೆ."

"ನಿನ್ನ ಉತ್ತರ ಕೇಳೋಕೆ ಅರ್ಧ ಊರು ಹೊರಗೆ ನಿಂತಿತ್ತಂತೆ." ತಟ್ಟೆ ನನ್ನ ಮುಂದೆ ತಳ್ಳಿದಳು. "ಅಯ್ಯನೋರು ಒಂದು ದಾರಿ ಹೇಳಿದಾರೆ. ಶನಿವಾರ ಚಾವಡೀಲಿ ಎಲ್ಲರ ಮುಂದೆ ನೀನು ನಿಂತು, ತಿಳೀದೆ ಮಾಡ್ದೆ, ನನಗೆ ಹಕ್ಕಿರ್ಲಿಲ್ಲ, ಕ್ಷಮಿಸಿ ಅಂದ್ಬಿಟ್ರೆ ಸಾಕಂತೆ. ಇಟಾಕ ಕೇಳಿದ್ನಲ್ಲ, ಆ ಆಸೆಯನ್ನೇ ಲೆಕ್ಕಕ್ಕೆ ತಗೊಂಡು ಭಾನುವಾರ ಗಂಟೆ ಬಾರಿಸ್ತಾರಂತೆ."

"ತಿಳೀದೆ ಮಾಡ್ಲಿಲ್ಲ ಅವ್ವ. ತಿಳಿದೇ ಮಾಡ್ದೆ."

"ಗೊತ್ತು."

"ಮತ್ತೆ ಸುಳ್ಳು ಹೇಳ್ಲಾ?"

"ಲೋ, ಮೀನು ಎಲ್ಲಿ ಸಿಕ್ತು ಅಂದ್ರೆ ದಿನಾ ಸುಳ್ಳು ಹೇಳ್ತೀಯ. ಇದೊಂದು ಹೇಳೋಕೆ ಏನು ರೋಗ?"

ನಗು ಬಂತು. ಅವಳಿಗೂ ಬಂತು. ಆಮೇಲೆ ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. ಎಲುಬು ಮಾತ್ರ ಉಳಿದ ಕೈ. "ಅವನನ್ನ ಹೊರಗೆ ಬಿಡ್ಬೇಡ ಮಗಾ," ಎಂದಳು. ಒಪ್ಪಿಕೊಂಡೆ. ಬೇರೆ ಯಾರು ಕೇಳಿದ್ದರೂ ಒಪ್ಪುತ್ತಿರಲಿಲ್ಲ.

ಶನಿವಾರ ಚಾವಡಿ ತುಂಬಿತ್ತು. ಕುಲದವರು ತಮ್ಮ ತಮ್ಮ ಕಂಬದ ಬಳಿ ಚಾಪೆ ಹಾಕಿ ಕೂತಿದ್ದರು. ರಕೇರಾ ತನ್ನವರ ಸಾಲಿನ ಮುಂದೆ, ಆಗಲೇ ಬಿಳಿ ಉಡುಪಿನಲ್ಲಿ. ನಾನು ಎದ್ದೆ. ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ, ಯಾರ ಮುಖವನ್ನೂ ನೋಡದೆ ಒಪ್ಪಿಸಿದೆ. ನನಗೆ ಹಕ್ಕಿರಲಿಲ್ಲ. ತಿಳಿಯದೆ ಮಾಡಿದೆ. ಸಭೆ ಕ್ಷಮಿಸಬೇಕು. ಕೂತೆ.

ಅಯ್ಯನವರು ತಲೆದೂಗಿದರು. ಮನುಷ್ಯ ಕೆಟ್ಟವರಲ್ಲ, ಮುಗಿಸಿಬಿಡುವ ಆತುರ ಅವರಿಗೂ ಇತ್ತು. "ಸಭೆ ಒಪ್ಪಿದರೆ ನಾಳೆ ಆರಾಧನೆ ನಡೆಸೋಣ" ಎಂದರು. ಆಗ ನಾಟಾನ್ ಕೈ ಎತ್ತಿದ.

"ಒಂದು ಮಾತು ಅಯ್ಯನೋರೆ. ಕೊಟ್ಟ ಕೈ ವಿಚಾರ ಮುಗೀತು. ಕೊಟ್ಟದ್ದೇನು ಅಂತ ತಿಳೀಲಿಲ್ಲ. ದೋಣೀಲಿ ರೊಟ್ಟಿ ಎಲ್ಲಿತ್ತು, ದ್ರಾಕ್ಷಾರಸ ಎಲ್ಲಿತ್ತು?"

"ನಿನ್ನ ಗುಡೀಲಿ ಎಲ್ಲಿದೆ ಅಣ್ಣ?" ಎಂದೆ. ಬಾಯಿಪಾಠ ಒಪ್ಪಿಸಿ ಮೊದಲೇ ಮೈ ಉರಿಯುತ್ತಿತ್ತು. "ಅಂಗಡಿ ಬಿಸ್ಕತ್ತು, ಕೆಂಪು ಶರಬತ್ತು. ಹಡಗು ತಡ ಆದ ತಿಂಗಳು ಎಳನೀರು. ನಮ್ಮಲ್ಲಿ ಯಾವ ದ್ರಾಕ್ಷಿ ಬೆಳೀತಿತ್ತು ಹೇಳು."

ಹಿಂದೆ ಹೆಂಗಸರು ನಕ್ಕರು.

"ಅದನ್ನೇ ಕೇಳಿದ್ದು. ಎಳನೀರಾ?"

"ಮಳೆ ನೀರು."

"ರೊಟ್ಟಿಗೆ?"

ಸುಳ್ಳು ಹೇಳಬಹುದಿತ್ತು. ಮೀನು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಬೆಳಿಗ್ಗೆ ನನ್ನ ಪಾಲಿನ ಸುಳ್ಳು ಮುಗಿದಿತ್ತು. ಅದೂ ಅಲ್ಲದೆ, ನಿಜ ಹೇಳುತ್ತೇನೆ, ನನಗೆ ಇಟಾಕನ ಬಗ್ಗೆ ಹೆಮ್ಮೆ ಇತ್ತು. ಅವನ ನಂಬಿಕೆ ಎಷ್ಟು ದೊಡ್ಡದಿತ್ತು ಎಂದು ಈ ನಾಟಾನನಿಗೆ, ಇಡೀ ಚಾವಡಿಗೆ ತಿಳಿಯಲಿ ಎನ್ನಿಸಿತು.

"ಆಮೆ," ಎಂದೆ.

ಯಾರೋ ಬೀಸಣಿಗೆ ಕೆಳಗಿಟ್ಟ ಸದ್ದು ಕೇಳಿಸಿತು. ರಕೇರಾ ನನ್ನ ಕಡೆ ತಿರುಗಿದಳು.

"ಏನಂದೆ?"

"ಆಮೆ ಅವ್ವ. ಅದೊಂದೇ ಇದ್ದದ್ದು. ಹಸಿವಿಗೆ ಅಂತ ಅವನು ಮುಟ್ಲೇ ಇಲ್ಲ. ಬೈದೆ, ಹೊಡೆಯೋಕೂ ಹೋದೆ, ಮುಟ್ಲಿಲ್ಲ. ಪ್ರಭುಭೋಜನಕ್ಕೆ ತಾನಾಗಿ ಕೇಳಿದ. ಮಾತು ಹೇಳಿದ್ಮೇಲೆ ಅದು ಆಮೆ ಆಗಿರಲ್ಲ ಅಂದ. ಇಷ್ಟೇ ಇಷ್ಟು ತಗೊಂಡ. ಆಮೇಲೆ ಕೊಡೋಕೆ ಹೋದ್ರೆ ಬೇಡ ಅಂದ, ಅದು ಆಮೆ ಅಂದ."

ಇದನ್ನು ಕೇಳಿ ಅವಳು ಅಳುತ್ತಾಳೆ, ಆ ಮೊದಲ ದಿನದ ಅಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ.

"ಅವನು ಜ್ವರದಲ್ಲಿದ್ದ," ಎಂದಳು. "ಬುದ್ಧಿ ನೆಟ್ಟಗಿರ್ಲಿಲ್ಲ. ನೆಟ್ಟಗಿದ್ದೋನು ನೀನು."

"ಅವನ ಬುದ್ಧಿ ನನಗಿಂತ ನೆಟ್ಟಗಿತ್ತು."

"ತಿಂದ್ಮೇಲೆ ಎಷ್ಟು ದಿನ ಬದುಕಿದ?"

ನಾನು ಚಾಪೆಯ ಅಂಚಿನ ಎಳೆ ಕೀಳತೊಡಗಿದೆ.

"ಕೇಳ್ತಿದೀನಿ. ಎಷ್ಟು ದಿನ?"

"ಮಾರನೇ ದಿನ ಹೋದ. ಅವ್ವ, ಅವನು ಮೊದಲೇ ಹೋಗೋನಿದ್ದ. ಕಾಲು ಬಾತಿತ್ತು, ಕಣ್ಣು—"

"ಅಷ್ಟು ದಿನ ತಿನ್ನದೆ ಬದುಕಿದ. ತಿಂದ, ಹೋದ."

"ತಿನ್ನದೆ ಇದ್ದದ್ದಕ್ಕೇ ಹೋದದ್ದು."

ಅಯ್ಯನವರು ನಡುವೆ ಬಂದರು. ಇದುವರೆಗೆ ನನ್ನ ಕೈಯನ್ನು ಒಪ್ಪದ ಮನುಷ್ಯ, ಈಗ ದನಿ ಎತ್ತಿ ನನ್ನ ಪರ ಮಾತಾಡಿದರು. "ರಕೇರಮ್ಮ, ಸಮಾಧಾನ ಮಾಡ್ಕೊಳ್ಳಿ. ದೇವರು ಶುದ್ಧ ಮಾಡಿದ್ದನ್ನ ನಾವು ಹೊಲೆ ಅನ್ನಬಾರದು. ನಿಮ್ಮ ಮಗನ ನಂಬಿಕೆ ದೊಡ್ಡದು. ನಾನೇ ಹೇಳ್ತಿದೀನಿ, ನಾಳೆ ಗಂಟೆ ಬಾರಿಸ್ತೀವಿ. ಅವನು ತಗೊಂಡದ್ದು ಪ್ರಭುಭೋಜನವೇ."

ನಾನು ಅವರ ಮುಖ ನೋಡಿದೆ. ಈ ಮಾತನ್ನು ಮೊದಲೇ ಹೇಳಿದ್ದರೆ ನಾನು ಇಲ್ಲಿ ನಿಂತು ಸುಳ್ಳು ಒಪ್ಪಿಸಬೇಕಿರಲಿಲ್ಲ, ನಾಟಾನ್ ಬಾಯಿ ತೆರೆಯುತ್ತಿರಲಿಲ್ಲ. ಅಯ್ಯೋ ಮನುಷ್ಯ ಎನ್ನಿಸಿತು.

"ಯಾರಿಗೆ ಬಾರಿಸ್ತೀರಿ ಅಯ್ಯನೋರೆ?" ರಕೇರಾ ಕೇಳಿದಳು. ದನಿ ಏರಿಸಲಿಲ್ಲ. "ನನ್ನ ಗಂಡ ಹೋದ ಕಡೆ, ಮಗಳು ಹೋದ ಕಡೆ ಅವನನ್ನ ಕರ್ಕೊಂಡು ಹೋಗ್ಬೇಕಾದೋಳು ನಮ್ಮಜ್ಜಿ. ದಾರಿ ತೋರಿಸೋಳನ್ನೇ ತಿಂದು ಹೋಗಿದಾನೆ. ಇನ್ನು ಗಂಟೆ ಕೇಳಿಸ್ಕೊಂಡು ಎಲ್ಲಿಗೆ ಹೋಗ್ತಾನೆ?"

"ಅವ್ವ, ನೀನು ಪ್ರತಿ ತಿಂಗಳು ಬಿಸ್ಕತ್ತು ತಿಂದು ಇದು ದೇಹ ಅಂತ ನಂಬ್ತೀಯ," ಎಂದೆ. ನನ್ನ ದನಿ ಏರಿತ್ತು, ತಡೆಯಲು ಹೋಗಲಿಲ್ಲ. "ಬಿಸ್ಕತ್ತು ದೇಹ ಆಗುತ್ತೆ ಅನ್ನೋದಾದ್ರೆ ಆಮೆ ಯಾಕಾಗಲ್ಲ? ನಿನ್ನ ಮಗ ನಂಬಿದ. ನೀನು ಕಲಿಸಿದ್ದನ್ನೇ ನಂಬಿದ."

"ನಾನು ಅವನಿಗೆ ಎರಡೂ ಕಲಿಸಿದ್ದೆ," ಎಂದಳು.

"ಎರಡೂ ಇಟ್ಕೊಂಡ್ನಲ್ಲ ಅವನು? ಹಸಿವಿಗೆ ಮುಟ್ಲಿಲ್ಲ ಅಂತ ಹೇಳಿದೆನಲ್ಲ. ಇನ್ನೇನು ಬೇಕಿತ್ತು ನಿನಗೆ?"

"ಏನೂ ಕೊಡದೆ ಇರ್ಬೇಕಿತ್ತು. ಬರಿ ನೀರು ಕೊಟ್ಟು, ಕೈ ಹಿಡ್ಕೊಂಡು ಕೂತಿರ್ಬೇಕಿತ್ತು. ಹೊರಗೇ ಸತ್ತ ಅನ್ಕೊಂಡಿರ್ತಿದ್ದೆ. ಅಂಗಳದಲ್ಲೇ ಒಂದು ಪ್ರಾರ್ಥನೆ ಮಾಡಿ ಸುಮ್ಮನಾಗ್ತಿದ್ದೆ."

ಚಾಪೆ ಸುತ್ತಿದಳು. ಅವಳ ಕುಲದ ಹೆಂಗಸೊಬ್ಬಳು ಉಡುಪು ಹಿಡಿದು ಎಳೆದಳು, ಬಿಡಿಸಿಕೊಂಡಳು. ಹಿರಿಯರ ಮುಂದೆ ಹಾಯುವಾಗ ಬಗ್ಗಿ ನಡೆಯುವುದು ನಮ್ಮ ಪದ್ಧತಿ. ಅಷ್ಟು ಸಿಟ್ಟಿನಲ್ಲೂ ಅವಳು ಬಗ್ಗಿಯೇ ಹೋದಳು, ಒಂದು ಕೈ ನೆಲದ ಕಡೆಗೆ ಚಾಚಿ. ಚಾವಡಿಯ ತಗ್ಗು ಸೂರಿನ ಕೆಳಗೆ ನುಸುಳಿ ಬಿಸಿಲಿಗೆ ಬಿದ್ದ ಮೇಲೆ ಬೆನ್ನು ನೆಟ್ಟಗೆ ಮಾಡಿದಳು.

"ಅವ್ವ," ಎಂದು ಕೂಗಿದೆ. "ಅವನು ನಗ್ತಾ ಹೋದ. ಅದನ್ನಾದ್ರೂ ಕೇಳು."

ತಿರುಗಲಿಲ್ಲ. ಗುಡಿಯ ಮುಂದಿನ ದಾರಿ ಹತ್ತಿರ. ಅವಳು ಅದನ್ನು ಬಿಟ್ಟು ಕಡಲ ಕಡೆಯ ದಾರಿ ಹಿಡಿದಳು, ಆಮೆ ಬೇಯುವ ಮನೆಯನ್ನು ಸುತ್ತಿ ಹೋಗುವ ಹಾಗೆ.

ಮರುದಿನ ಗಂಟೆ ಬಾರಿಸಿದರು. ಅಯ್ಯನವರು ಬಿಳಿ ಬಟ್ಟೆ ಹಾಕಿದ್ದರು, ಹೆಸರು ಸರಿಯಾಗಿಯೇ ಕೂಗಿದರು. ನಾಟಾನ್ ಎಲ್ಲರಿಗಿಂತ ಜೋರಾಗಿ ಹಾಡಿದ. ಬರಿದಾದ ಚಾಪೆಯ ತಲೆಯ ಕಡೆ ತಾಯಿ ಕೂರಬೇಕು. ನಾವು ಕಾದೆವು. ಅಯ್ಯನವರು ಇನ್ನೊಂದು ಹಾಡು ಹೇಳಿಸಿದರು, ಆಮೇಲೆ ಇನ್ನೊಂದು. ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ, ಈಗಲೂ ಇಲ್ಲ.